ನ್ಯಾನೋ ಬೆಳ್ಳಿ: ಗಾಯಕ್ಕೆ ಸರಿ, ಹೊಟ್ಟೆಗೆ ಬೇಡ

ಕೆಲವು ದಿನಗಳ ಹಿಂದೆ ಒಬ್ಬ ತಾಯಿ ತಮ್ಮ ಐದು ವರ್ಷದ ಮಗನೊಂದಿಗೆ ದವಾಖಾನೆಗೆ ಬಂದರು. ಕೈಯಲ್ಲೊಂದು ಬಾಟಲಿ. "ಹಕೀಮ್ ಸಾಹೇಬ್ರೆ, ಇದು ನ್ಯಾನೋ ಬೆಳ್ಳಿ ನೀರಂತೆ. ದಿನಾ ಎರಡು ಚಮಚ ಕೊಟ್ಟರೆ ನೆಗಡಿ, ಕೆಮ್ಮು ಹತ್ತಿರ ಸುಳಿಯಲ್ಲ ಅಂತ ಮೊಬೈಲಲ್ಲಿ ನೋಡಿ ತರಿಸಿದ್ವಿ. ಕೊಡಬಹುದಾ?" ಕೊಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಇದೇ ಪ್ರಶ್ನೆ ನಿಮ್ಮ ಮನೆಯಲ್ಲೂ ಏಳಬಹುದು.

ನ್ಯಾನೋ ಎಂದರೇನು?

ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ನ್ಯಾನೋಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಗಾತ್ರದವನ್ನು ನ್ಯಾನೋ ಕಣ ಎನ್ನುತ್ತಾರೆ. ಕಲ್ಲುಸಕ್ಕರೆ ನಿಧಾನ ಕರಗುತ್ತದೆ, ಅದರ ಪುಡಿ ಬೇಗ ಕರಗುತ್ತದೆ. ಕಣ ಸಣ್ಣದಾದಷ್ಟೂ ಅದರ ಹೊರಮೈ ಹೆಚ್ಚಿ ಚುರುಕಾಗುತ್ತದೆ. ಬೆರಳಿನ ಉಂಗುರದಲ್ಲಿ ಸುಮ್ಮನಿರುವ ಬೆಳ್ಳಿ ನ್ಯಾನೋ ಕಣವಾದಾಗ ರೋಗಾಣುಗಳನ್ನು ಕೊಲ್ಲುತ್ತದೆ. ಸುಟ್ಟ ಗಾಯಗಳಿಗೆ ಆಸ್ಪತ್ರೆಗಳಲ್ಲಿ ನ್ಯಾನೋ ಬೆಳ್ಳಿಯ ಪಟ್ಟಿ ಬಳಸುವುದು ಇದಕ್ಕಾಗಿಯೇ.

ದೇಹ ಒಪ್ಪಬೇಕು

ಆದರೆ ಗಾಯದ ಮೇಲೆ ಕೆಲವು ದಿನ ಇದ್ದು ತೆಗೆಯುವ ಪಟ್ಟಿ ಬೇರೆ, ದಿನವೂ ಕುಡಿಯುವ ನೀರು ಬೇರೆ. ಕುಡಿದ ಬೆಳ್ಳಿಯಲ್ಲಿ ಸ್ವಲ್ಪ ಭಾಗ ರಕ್ತ ಸೇರಿ ಚರ್ಮದಲ್ಲಿ, ಅಂಗಾಂಗಗಳಲ್ಲಿ ಉಳಿಯುತ್ತದೆ. ಬಹುಕಾಲ ಸೇವಿಸಿದವರ ಚರ್ಮ ನೀಲಿ-ಬೂದು ಬಣ್ಣಕ್ಕೆ ತಿರುಗಬಹುದು. ಇದಕ್ಕೆ ಆರ್ಜಿರಿಯಾ ಎಂದು ಹೆಸರು. ಆ ಬಣ್ಣ ಸಾಮಾನ್ಯವಾಗಿ ಶಾಶ್ವತ. ಥೈರಾಯ್ಡ್ ಮಾತ್ರೆ ಮತ್ತು ಕೆಲವು ಆಂಟಿಬಯಾಟಿಕ್‌ಗಳು ದೇಹಕ್ಕೆ ಹತ್ತದಂತೆಯೂ ಬೆಳ್ಳಿ ತಡೆಯಬಲ್ಲದು. ಇಂಥ ಬೆಳ್ಳಿ ದ್ರಾವಣಗಳು ಸುರಕ್ಷಿತವೆಂದಾಗಲಿ, ಪರಿಣಾಮಕಾರಿಯೆಂದಾಗಲಿ ಒಪ್ಪಲಾಗದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1999ರಲ್ಲೇ ಹೇಳಿದೆ.

ಮರೆಯಬಾರದ ಪಾಠವೊಂದಿದೆ. 1930ರ ದಶಕದಿಂದ 1950ರ ದಶಕದವರೆಗೆ ಎಕ್ಸ್‌ರೇಯಲ್ಲಿ ರಕ್ತನಾಳಗಳು ಸ್ಪಷ್ಟವಾಗಿ ಕಾಣಲೆಂದು ಥೊರೊಟ್ರಾಸ್ಟ್ ಎಂಬ ಸೂಕ್ಷ್ಮ ಕಣಗಳ ದ್ರಾವಣವನ್ನು ಚುಚ್ಚುತ್ತಿದ್ದರು. ಚಿತ್ರ ಚೆನ್ನಾಗಿ ಬರುತ್ತಿತ್ತು, ರೋಗಿಗೆ ಆಗ ಏನೂ ಆಗುತ್ತಿರಲಿಲ್ಲ. ಆದರೆ ವಿಕಿರಣ ಸೂಸುವ ಆ ಥೋರಿಯಂ ಕಣಗಳು ಯಕೃತ್ತಿನಲ್ಲೇ ನೆಲೆಸಿದವು. ದಶಕಗಳ ನಂತರ ಹಲವರಿಗೆ ಯಕೃತ್ತಿನ ಕ್ಯಾನ್ಸರ್ ಬಂತು.

ಹಾಗೆಂದು ನ್ಯಾನೋ ಔಷಧಿಗಳೆಲ್ಲ ಕೆಟ್ಟವಲ್ಲ. ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧಿ ಹೃದಯಕ್ಕೆ ಹಾನಿ ಮಾಡುತ್ತದೆ. ಅದನ್ನು ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ ತುಂಬಿದಾಗ ಆ ಹಾನಿ ಕಡಿಮೆಯಾಯಿತು. 1995ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಯುನಾನಿಯಲ್ಲೂ ಔಷಧಿಯ ಕೆಡುಕು ತಗ್ಗಿಸಲು ಜೊತೆಗೆ 'ಮುಸ್ಲಿಹ್' ಸೇರಿಸುತ್ತೇವೆ. ದಾರಿ ಬೇರೆಯಾದರೂ ಚಿಂತೆ ಒಂದೇ: ದೇಹ ಅದನ್ನು ಒಪ್ಪುತ್ತದೆಯೇ? ಕೆಲಸ ಮುಗಿದ ಮೇಲೆ ಅದು ಹೊರಹೋಗುತ್ತದೆಯೇ?

ನೀವು ಏನು ಮಾಡಬೇಕು?

• ಬೆಳ್ಳಿ ನೀರು, ಚಿನ್ನದ ನೀರು ಎಂದು ಮಾರುವುದನ್ನು ಕುಡಿಯಬೇಡಿ. ಮಕ್ಕಳಿಗೆ, ಗರ್ಭಿಣಿಯರಿಗೆ ಕೊಡಲೇಬೇಡಿ.

• ನಮ್ಮ ಪದ್ಧತಿಯ ಕುಷ್ತಾಗಳಿಗೂ ಇದೇ ಎಚ್ಚರ ಬೇಕು. ಲೋಹವನ್ನು ಶುದ್ಧಿ ಮಾಡಿ, ಕ್ರಮವಾಗಿ ಸುಟ್ಟು ತಯಾರಿಸುವ ಔಷಧಿ ಅದು. ಸಂತೆಯಲ್ಲಿ ಪೊಟ್ಟಣ ಕಟ್ಟಿ ಕೊಡುವ ಕುಷ್ತಾ ಕೊಳ್ಳಬೇಡಿ. ಲೇಬಲ್ಲಿನಲ್ಲಿ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ದಿನಾಂಕ ಇವೆಯೇ ನೋಡಿ. ಅರ್ಹ ವೈದ್ಯರು ಹೇಳಿದಷ್ಟೇ ಪ್ರಮಾಣ, ಹೇಳಿದಷ್ಟೇ ದಿನ ಸೇವಿಸಿ.

• ಯಕೃತ್ತು, ಮೂತ್ರಪಿಂಡದ ತೊಂದರೆ ಇದ್ದರೆ ಮುಚ್ಚಿಡದೆ ಮೊದಲೇ ತಿಳಿಸಿ.

• ಇಂಥದ್ದನ್ನು ಈಗಾಗಲೇ ಸೇವಿಸುತ್ತಿದ್ದರೆ ನಿಲ್ಲಿಸಿ, ಬಾಟಲಿಯೊಂದಿಗೆ ವೈದ್ಯರನ್ನು ಕಾಣಿ.

ಹಬ್ಬದ ಮಿಠಾಯಿಯ ಮೇಲಿನ ಚೂರು ವರ್ಖ್ ನೆನೆದು ಗಾಬರಿಯಾಗಬೇಡಿ. ಎಂದೋ ಒಮ್ಮೆ ತಿನ್ನುವುದಕ್ಕೂ ದಿನವೂ ಚಮಚ ಅಳೆದು ಕುಡಿಯುವುದಕ್ಕೂ ವ್ಯತ್ಯಾಸವಿದೆ.

ಆ ತಾಯಿ ಬಾಟಲಿಯನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋದರು. ಮಗನ ನೆಗಡಿ ಬಿಸಿನೀರಿನ ಹಬೆ, ವಿಶ್ರಾಂತಿಯಲ್ಲಿ ನಾಲ್ಕೈದು ದಿನಗಳಲ್ಲಿ ಇಳಿಯಿತು.