ಡ್ರೈಯರ್‌ಗೆ ಯಾವ ಕಾರ್ಡ್? ಉತ್ತರ ಗೋಡೆಯ ಸಾಕೆಟ್‌ನಲ್ಲಿದೆ

ಭಾರತದಲ್ಲಿ ಮನೆಬಳಕೆಯ ಯಂತ್ರಗಳು ಸಾಮಾನ್ಯವಾಗಿ ಕಾರ್ಡ್ ಮತ್ತು ಪ್ಲಗ್ ಸಮೇತವೇ ಬರುತ್ತವೆ. ಆದರೆ ಅಮೆರಿಕದಲ್ಲಿ ಬಟ್ಟೆ ಒಣಗಿಸುವ ವಿದ್ಯುತ್ ಡ್ರೈಯರ್ ಕೊಂಡವರು ಅದರ ಕಾರ್ಡನ್ನು ಬಹುಮಟ್ಟಿಗೆ ಪ್ರತ್ಯೇಕವಾಗಿಯೇ ಕೊಳ್ಳಬೇಕಾಗುತ್ತದೆ. ಅಲ್ಲಿನ ಮನೆಗಳಲ್ಲಿ ಡ್ರೈಯರ್‌ಗೆಂದೇ ಮೀಸಲಾದ ಸಾಕೆಟ್ ಕೆಲವೆಡೆ ಮೂರು ರಂಧ್ರಗಳದ್ದಾಗಿದ್ದರೆ ಮತ್ತೆ ಕೆಲವೆಡೆ ನಾಲ್ಕು ರಂಧ್ರಗಳದ್ದಾಗಿರುವುದೇ ಇದಕ್ಕೆ ಕಾರಣ. ಉದ್ಯೋಗಕ್ಕಾಗಿ ಅಲ್ಲಿ ನೆಲೆಸಿ, ಬಾಡಿಗೆ ಮನೆಯಿಂದ ಮನೆಗೆ ಡ್ರೈಯರ್ ಸಾಗಿಸುವ ಕನ್ನಡಿಗ ಕುಟುಂಬಗಳೂ ಈ ವ್ಯತ್ಯಾಸವನ್ನು ಅರಿತಿರುವುದು ಒಳಿತು.

ಅಮೆರಿಕದ ಮನೆಗೆ ತಲಾ 120 ವೋಲ್ಟ್‌ನ ಎರಡು ಫೇಸ್ ತಂತಿಗಳು ಬರುತ್ತವೆ. ಅವೆರಡರ ನಡುವಿನ ಒತ್ತಡ 240 ವೋಲ್ಟ್. ಡ್ರೈಯರ್‌ನ ಹೀಟರ್ 240 ವೋಲ್ಟ್‌ನಲ್ಲಿ ಕಾಯುತ್ತದೆ, ಡ್ರಮ್ ತಿರುಗಿಸುವ ಮೋಟಾರ್ ಮತ್ತು ನಿಯಂತ್ರಣ ಭಾಗಗಳು ಸಾಮಾನ್ಯವಾಗಿ 120 ವೋಲ್ಟ್‌ನಲ್ಲಿ ನಡೆಯುತ್ತವೆ. ಹೀಗಾಗಿ ಎರಡು ಫೇಸ್‌ಗಳ ಜೊತೆಗೆ, ವಿದ್ಯುತ್ತು ಮರಳಿ ಹೋಗುವ ದಾರಿಯಾದ ನ್ಯೂಟ್ರಲ್ ತಂತಿಯೂ ಬೇಕು. ಸೋರಿದ ವಿದ್ಯುತ್ತಿಗೆ ಸುರಕ್ಷಿತ ದಾರಿಯೊದಗಿಸಿ ಬ್ರೇಕರ್ ಕೂಡಲೇ ಬೀಳುವಂತೆ ಮಾಡುವ ಅರ್ತ್ ತಂತಿ ನಾಲ್ಕನೆಯದು.

ಹಳೆಯ ಮೂರು ಪಿನ್ನಿನ ವ್ಯವಸ್ಥೆಯಲ್ಲಿ ಈ ನಾಲ್ಕನೆಯ ತಂತಿಯಿಲ್ಲ. ನ್ಯೂಟ್ರಲ್ ತಂತಿಯೇ ಅರ್ತ್‌ನ ಕೆಲಸವನ್ನೂ ಮಾಡುತ್ತದೆ. ಅದಕ್ಕಾಗಿ ಡ್ರೈಯರ್‌ನ ಹಿಂಬದಿಯ ಮುಚ್ಚಳದೊಳಗೆ, ನ್ಯೂಟ್ರಲ್ ತಿರುಪನ್ನೂ ಯಂತ್ರದ ಲೋಹದ ಮೈಯನ್ನೂ ಸೇರಿಸುವ ಸಣ್ಣ ಲೋಹದ ಪಟ್ಟಿ ಅಥವಾ ತಂತಿ ಇರುತ್ತದೆ. ಅಪಾಯ ಅಡಗಿರುವುದು ಇಲ್ಲಿಯೇ: ನ್ಯೂಟ್ರಲ್ ತಂತಿ ಎಲ್ಲಾದರೂ ತುಂಡಾದರೆ ಅಥವಾ ಸಡಿಲಗೊಂಡರೆ, ಮೋಟಾರಿನ ಮೂಲಕ ಹಾದು ಬರುವ ವಿದ್ಯುತ್ತು ಈ ಪಟ್ಟಿಯಿಂದ ಯಂತ್ರದ ಮೈಗೆ ಹರಿದು, ಮುಟ್ಟಿದವರಿಗೆ 120 ವೋಲ್ಟ್‌ನ ಶಾಕ್ ತಗುಲಬಹುದು. ಈ ಕಾರಣದಿಂದಲೇ ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯು 1996ರ ಆವೃತ್ತಿಯಿಂದ ಡ್ರೈಯರ್‌ನ ಹೊಸ ವೈರಿಂಗ್‌ಗೆ ನಾಲ್ಕು ತಂತಿಗಳನ್ನು ಕಡ್ಡಾಯಗೊಳಿಸಿತು. ಅದಕ್ಕೆ ಮೊದಲು ಅಳವಡಿಸಿದ ಮೂರು ತಂತಿಯ ಸಾಕೆಟ್‌ಗಳು ಮುಂದುವರಿಯಲು ಅವಕಾಶ ಉಳಿಯಿತು.

ಆದ್ದರಿಂದ ಕಾರ್ಡನ್ನು ಆರಿಸಬೇಕಾದುದು ಡ್ರೈಯರ್ ನೋಡಿ ಅಲ್ಲ, ಗೋಡೆಯ ಸಾಕೆಟ್ ನೋಡಿ. ಮೂರು ರಂಧ್ರಗಳದ್ದಕ್ಕೆ ನೇಮಾ 10-30, ನಾಲ್ಕು ರಂಧ್ರಗಳದ್ದಕ್ಕೆ ನೇಮಾ 14-30 ಎಂಬ ಗುರುತಿನ ಪ್ಲಗ್ ಹೊಂದುತ್ತದೆ. 30 ಎಂಬುದು ಆಂಪಿಯರ್ ಸಾಮರ್ಥ್ಯ. ಎರಡರಲ್ಲೂ ನ್ಯೂಟ್ರಲ್ ಪಿನ್ ಇಂಗ್ಲಿಷಿನ ಎಲ್ ಅಕ್ಷರದಂತೆ ಮಡಚಿದ್ದು, ಅಡುಗೆ ಒಲೆಯ 50 ಆಂಪಿಯರ್ ಪ್ಲಗ್‌ನಲ್ಲಿ ಅದು ನೇರವಾಗಿರುವುದರಿಂದ ಒಂದರ ಬದಲು ಇನ್ನೊಂದನ್ನು ತರುವ ಪ್ರಮಾದ ತಪ್ಪುತ್ತದೆ. ಕಾರ್ಡಿನೊಳಗಿನ ತಾಮ್ರದ ತಂತಿ ಅಮೆರಿಕನ್ ಗೇಜಿನ 10ನೇ ಸಂಖ್ಯೆಯದಾಗಿರಬೇಕು. ಈ ಪದ್ಧತಿಯಲ್ಲಿ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳುವಾಗುವುದರಿಂದ 12 ಅಥವಾ 14ರ ಕಾರ್ಡು ಈ ಹೊರೆಗೆ ಕಾದು ಕರಗುವ ಭಯವಿದೆ. ಉದ್ದ ಅಗತ್ಯವಿರುವಷ್ಟೇ ಇರಲಿ. ಎಕ್ಸ್‌ಟೆನ್ಷನ್ ಕಾರ್ಡ್ ಖಂಡಿತ ಬೇಡ.

ಜೋಡಿಸುವಾಗ ಮಧ್ಯದ ತಿರುಪು ನ್ಯೂಟ್ರಲ್‌ಗೆ, ಅಕ್ಕಪಕ್ಕದ ಎರಡು ಫೇಸ್‌ಗಳಿಗೆ ಮೀಸಲು. ನಾಲ್ಕು ತಂತಿಯ ಕಾರ್ಡಿನಲ್ಲಿ ಬಿಳಿ ತಂತಿ ಮಧ್ಯಕ್ಕೆ, ಕಪ್ಪು ಮತ್ತು ಕೆಂಪು ಪಕ್ಕಗಳಿಗೆ, ಹಸಿರು ಯಂತ್ರದ ಮೈಯ ಅರ್ತ್ ತಿರುಪಿಗೆ ಹೋಗುತ್ತದೆ. ಆಗ ಮೇಲೆ ಹೇಳಿದ ಪಟ್ಟಿಯನ್ನು ಕೈಪಿಡಿಯಲ್ಲಿ ಹೇಳಿದಂತೆ ನ್ಯೂಟ್ರಲ್‌ನಿಂದ ಬಿಡಿಸಲೇಬೇಕು. ಮೂರು ತಂತಿಯ ಕಾರ್ಡಿಗೆ ಮರಳುವಾಗ ಆ ಪಟ್ಟಿಯನ್ನು ಮತ್ತೆ ಜೋಡಿಸದಿದ್ದರೆ ಯಂತ್ರದ ಮೈಗೆ ಅರ್ತ್ ಸಂಪರ್ಕವೇ ಇರುವುದಿಲ್ಲ. ಕಾರ್ಡು ಒಳಹೋಗುವ ರಂಧ್ರದಲ್ಲಿ ಅದನ್ನು ಬಿಗಿಹಿಡಿಯುವ ಲೋಹದ ಹಿಡಿಕೆಯೂ ಇರಲೇಬೇಕು. ಇಲ್ಲವಾದರೆ ಯಂತ್ರದ ಅದುರುವಿಕೆಗೆ ತಂತಿಯ ಹೊದಿಕೆ ಸವೆಯುತ್ತದೆ.

ಕೆಲಸಕ್ಕೆ ಮುನ್ನ ಡ್ರೈಯರ್‌ನ ಬ್ರೇಕರ್ ಆಫ್ ಮಾಡುವುದನ್ನು ಮರೆಯಬಾರದು. ಪ್ಲಗ್ ಹೊಂದುವುದಿಲ್ಲವೆಂದು ಪಿನ್ ಕತ್ತರಿಸುವ ಸಾಹಸಕ್ಕೆ ಯಾರೂ ಕೈಹಾಕದೆ, ಸರಿಯಾದ ಕಾರ್ಡನ್ನೇ ತರಬೇಕು. ಸಾಕೆಟ್ಟನ್ನೇ ಬದಲಿಸಬೇಕಾಗಿ ಬಂದರೆ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸಬೇಕು.