ಮೇಳದ ಟಿಕೆಟ್ ಇದ್ದರೆ ಸಾಕೇ? ವೀಸಾ ಬೇಡವೇ?



ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಕುಟುಂಬ ನಮ್ಮ ಕಾಸರಗೋಡಿನ ಕಡೆ ಕಡಿಮೆ. "ಇಲ್ಲಿ ದೊಡ್ಡ ಮೇಳ ಇದೆ, ಅಪ್ಪ ಅಮ್ಮ ಇಬ್ಬರೂ ಬನ್ನಿ" ಅಂತ ಮಗ ಫೋನ್ ಮಾಡುತ್ತಾನೆ. ಆಗ ಯಾವ ಕಾಗದ ಬೇಕು?

ಮೊದಲು ಪಾಸ್‌ಪೋರ್ಟ್. ಅದನ್ನು ಕೊಡುವುದು ನಮ್ಮ ಸರ್ಕಾರ. ವೀಸಾ ಕೊಡುವುದು ನೀವು ಹೋಗುವ ದೇಶ. "ಇಂಥ ಕೆಲಸಕ್ಕೆ, ಇಷ್ಟು ದಿನ ನಮ್ಮಲ್ಲಿಗೆ ಬರಬಹುದು" ಎಂಬ ಅಪ್ಪಣೆ ಅದು. ಮೇಳದ ಟಿಕೆಟ್ ವೀಸಾ ಅಲ್ಲ, ಆಮಂತ್ರಣ ಪತ್ರವೂ ಅಲ್ಲ. ಮದುವೆ ಕಾಗದ ತೋರಿಸಿದರೆ ಬಸ್ಸಿನ ಕಂಡಕ್ಟರ್ ಬಿಟ್ಟಿ ಕರಕೊಂಡು ಹೋಗ್ತಾನಾ?

2022ರಲ್ಲಿ ಕತಾರ್‌ನಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆಯಿತು. ಪಂದ್ಯದ ಟಿಕೆಟ್ ಕೊಂಡ ಹೊರದೇಶದವರೂ 'ಹಯ್ಯಾ' ಎಂಬ ಕಾರ್ಡ್ ಮಾಡಿಸಬೇಕಿತ್ತು. ದೇಶದೊಳಗೆ ಬರಲು ಆ ಕಾರ್ಡೇ ಅಪ್ಪಣೆ. ಅದರ ಮೇಲೆ ಬಂದವರು 2023ರ ಜನವರಿ 23ರೊಳಗೆ ಹೊರಡಬೇಕಿತ್ತು.

ವೀಸಾ ಇದ್ದರೂ ಅದು ಯಾವ ಕೆಲಸಕ್ಕೆ ಕೊಟ್ಟದ್ದು ಅಂತ ನೋಡಬೇಕು. 2024ರ ಹಜ್ ನೆನಪಿದೆಯೇ? ಮೆಕ್ಕಾದಲ್ಲಿ ಬಿಸಿಲು 50 ಡಿಗ್ರಿ ದಾಟಿತ್ತು. 1,301 ಜನ ತೀರಿಕೊಂಡರೆಂದು ಸೌದಿ ಸರ್ಕಾರ ಹೇಳಿತು. ಅವರಲ್ಲಿ ನೂರಕ್ಕೆ 83 ಮಂದಿ ಹಜ್ ಪರವಾನಗಿ ಇಲ್ಲದವರು. ನೆಂಟರ ಮನೆಗೆ, ಊರು ನೋಡಲಿಕ್ಕೆ ಅಂತ ಕೊಡುವ ಭೇಟಿ ವೀಸಾದಲ್ಲಿ ಹೋದವರು ಎಷ್ಟೋ ಮಂದಿ. ಪರವಾನಗಿ ಇದ್ದವರಿಗೆ ತಂಪು ಡೇರೆ, ಬಸ್ಸು ಇತ್ತು. ಇವರು ಸುಡುಬಿಸಿಲಲ್ಲಿ ಮೈಲಿಗಟ್ಟಲೆ ನಡೆದರು. ದುಡ್ಡು ತೆಗೆದುಕೊಂಡು ಕಳಿಸಿದವರು ಆಗ ಜೊತೆಗಿರಲಿಲ್ಲ.

ಹೆಸರಿನ ವಿಷಯಕ್ಕೆ ಬರೋಣ. ಗಡಿಯವರಾದ ನಮಗೆ ಇದು ದೊಡ್ಡ ತಲೆನೋವು. ಶಾಲೆಯಲ್ಲಿ ಕನ್ನಡದ ಹೆಸರು, ರೇಷನ್ ಕಾರ್ಡಿನಲ್ಲಿ ಮಲಯಾಳದ ಬರಹ, ಇಂಗ್ಲಿಷಿನಲ್ಲಿ ಇನ್ನೊಂದು ಥರ. ಪಾಸ್‌ಪೋರ್ಟಿನಲ್ಲಿ ಇರುವ ಅಕ್ಷರಗಳೇ ವೀಸಾದಲ್ಲೂ ವಿಮಾನದ ಟಿಕೆಟಿನಲ್ಲೂ ಇರಬೇಕು. ಬರೇ ಒಂದೇ ಪದದ ಹೆಸರಿದ್ದರೆ ಭೇಟಿ ವೀಸಾದಲ್ಲಿ ಬಿಡುವುದಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ಹೇಳಿತು. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ಆಗಬಹುದು ಎಂದು ಆಮೇಲೆ ಸಡಿಲಿಸಿತು. ಆದ್ದರಿಂದ ಪಾಸ್‌ಪೋರ್ಟ್ ಮಾಡಿಸುವಾಗಲೇ ಪೂರ್ತಿ ಹೆಸರು ಬರೆಸಿ. ಅವಧಿ ಮುಗಿಯಲು ಆರು ತಿಂಗಳಾದರೂ ಬಾಕಿ ಇದೆಯೇ, ಅದನ್ನೂ ನೋಡಿ.

ಇನ್ನೊಂದು ಮಾತು. ಹತ್ತನೇ ತರಗತಿ ಪಾಸಾಗದ ಹೆಚ್ಚಿನವರ ಪಾಸ್‌ಪೋರ್ಟ್ 'ಇಸಿಆರ್' ವರ್ಗದ್ದು. ಐವತ್ತು ವರ್ಷ ದಾಟಿದವರಿಗೆ ವಿನಾಯಿತಿ ಇದೆ. ಈ ಪಾಸ್‌ಪೋರ್ಟಿನಲ್ಲಿ ಸೌದಿ, ಕತಾರ್, ಯುಎಇ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ನಮ್ಮ ಸರ್ಕಾರದ ಅನುಮತಿಯೂ ಬೇಕು. ಮೇಳ ನೋಡಿ ಬರಲು ಅದು ಬೇಡ. ಇದನ್ನೇ ಹಿಡಿದು "ಮೇಳಕ್ಕೆ ಅಂತ ಹೋಗಿ, ಅಲ್ಲೇ ಕೆಲಸಕ್ಕೆ ಸೇರಿ" ಎನ್ನುವ ಏಜೆಂಟರಿದ್ದಾರೆ. ಹಾಗೆ ಸೇರಿದವರು ಸಂಬಳ ಸಿಗದಿದ್ದರೂ ಕೇಳುವಂತಿಲ್ಲ, ಸಿಕ್ಕಿಬಿದ್ದರೆ ಜೈಲು. ಸರ್ಕಾರದಲ್ಲಿ ನೋಂದಾಯಿಸಿದ ಏಜೆಂಟರ ಪಟ್ಟಿ ವಿದೇಶಾಂಗ ಸಚಿವಾಲಯದ 'ಇ-ಮೈಗ್ರೇಟ್' ತಾಣದಲ್ಲಿದೆ. ದುಡ್ಡು ಕೊಡುವ ಮೊದಲು ಮನೆಯ ಮಕ್ಕಳ ಮೊಬೈಲಿನಲ್ಲಿ ಅದನ್ನು ತೆಗೆಸಿ, ಏಜೆಂಟನ ಹೆಸರು ಇದೆಯೋ ಇಲ್ಲವೋ ಹುಡುಕಿ.