ಘಟ್ಟ ಇಳಿದವರ ಮುಪ್ಪು

ಪಣಜಿಯಿಂದ ಫೋಂಡಾ ಕಡೆ ಹೋಗುವ ಬಸ್ಸು ಹಳೆ ಗೋವಾದ ಇಗರ್ಜಿಗಳನ್ನು ದಾಟಿದರೆ ಕೊರ್ಲಿಮ್. ಕೈಗಾರಿಕಾ ವಸಾಹತಿನ ಊರು. ಇಲ್ಲಿ ಇಳಿಯುವವರು ಹೆಚ್ಚಾಗಿ ಕೆಲಸದವರು. ಇಲ್ಲಿಂದ ಪಣಜಿಯತ್ತ ಮರಳುವ ಹಾದಿಯಲ್ಲಿ ಚಿಂಬೆಲ್‌ನ ಇಂದಿರಾನಗರವಿದೆ. ಅತ್ತ ವಾಸ್ಕೋದ ಬೈನಾ, ಮಡಗಾಂವಿನ ಮೋತಿ ಡೊಂಗರ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಮಾತು ಓಣಿ ಓಣಿಯಲ್ಲಿ ಕೇಳುವ ಗೋವಾ ಇದು. 2011ರ ಜನಗಣತಿಯಲ್ಲಿ ಇಲ್ಲಿನ ನೂರು ಜನರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದ್ದರು.

1961ರಲ್ಲಿ ಗೋವಾ ಬಿಡುಗಡೆಯಾದ ಮೇಲಿನ ದಶಕಗಳಲ್ಲಿ ರಸ್ತೆ, ಬಂದರು, ಕಟ್ಟಡದ ಕೆಲಸಕ್ಕೆಂದು ಘಟ್ಟ ಇಳಿದು ಬಂದವರಿಗೆ ಈಗ ವಯಸ್ಸಾಗಿದೆ. ಅವರ ಗುಡಿಸಲು ಕೆಡವಿದಾಗ ಸುದ್ದಿಯಾಗುತ್ತದೆ. ಅವರ ಮನಸ್ಸು ಕುಸಿದಾಗ ಆಗುವುದಿಲ್ಲ. ವಲಸಿಗರ ಮುಪ್ಪು ಎಂದರೆ ನಮಗೆ ಅಮೆರಿಕದ ಮಗನ ಮನೆಗೆ ಹೋದ ಅಪ್ಪ ಅಮ್ಮ ನೆನಪಾಗುತ್ತಾರೆ. ಒಂದು ರಾತ್ರಿ ಬಸ್ಸಿನ ದೂರದಲ್ಲೂ ಅದೇ ಒಂಟಿತನ ಇದೆ.

ಮೈಯಲ್ಲಿ ಕಸುವಿದ್ದಾಗ ಕೆಲಸವೇ ಬಳಗ ಕಟ್ಟಿಕೊಡುತ್ತಿತ್ತು. ಮೊಣಕಾಲು ಸೋತು ಮನೆ ಹಿಡಿದ ದಿನ ಆ ಬಳಗವೂ ಕಳಚುತ್ತದೆ. ಮಗ ನಸುಕಿಗೇ ಕೆಲಸಕ್ಕೆ, ಸೊಸೆ ಮನೆಗೆಲಸಕ್ಕೆ ಹೊರಡುತ್ತಾರೆ. ಶಾಲೆಗೆ ಹೋಗುವ ಮೊಮ್ಮಕ್ಕಳು ತಮ್ಮೊಳಗೆ ಕೊಂಕಣಿಯನ್ನೋ ಹಿಂದಿಯನ್ನೋ ಆಡಿಕೊಳ್ಳುತ್ತಾರೆ. ಘಟ್ಟದಿಂದ ಬಂದವರಿಗೆ ಅಂಟಿಸುವ ‘ಘಾಟಿ’ ಎಂಬ ಮೂದಲಿಕೆ ಹೊರಗೆ ಇದ್ದೇ ಇದೆ. ಊರಿಗೆ ಮರಳೋಣವೆಂದರೆ ಹೊಲ ಅಣ್ಣತಮ್ಮಂದಿರ ಪಾಲಾಗಿರುತ್ತದೆ. ಕೃಷ್ಣೆಯ ದಂಡೆಯ ಕೆಲವರಿಗಂತೂ ಮರಳಲು ಊರೇ ಇಲ್ಲ, ಅದು ಆಲಮಟ್ಟಿ ಹಿನ್ನೀರಿನಡಿ ಹೋಗಿದೆ.

ಈ ದುಃಖ ದವಾಖಾನೆಗೆ ಹೋಗುವುದು ಮೈಯ ನೋವಾಗಿ. ‘ಎದಿ ಬಡಕೊಳ್ತದ, ರಾತ್ರಿ ನಿದ್ದಿ ಹತ್ತಂಗಿಲ್ಲ, ಉಣ್ಣಾಕ ಮನಸಿಲ್ಲ.’ ಅರ್ಧ ಹಿಂದಿಯಲ್ಲಿ ಇಷ್ಟು ಹೇಳಿದವರಿಗೆ ಗ್ಯಾಸಿನ ಮಾತ್ರೆಯೋ ಟಾನಿಕ್ಕೋ ಸಿಗುತ್ತದೆ. ಮುದುಕರೆಂದ ಮೇಲೆ ಇದೆಲ್ಲ ಇದ್ದದ್ದೇ ಎಂದು ಮನೆಯವರೂ ಸುಮ್ಮನಾಗುತ್ತಾರೆ. ಖಿನ್ನತೆ ವಯಸ್ಸಿನ ಲಕ್ಷಣವಲ್ಲ, ಕಾಯಿಲೆ, ವಾಸಿಯಾಗುವ ಕಾಯಿಲೆ.

ಅದನ್ನು ಬರುವ ಮುಂಚೆಯೇ ತಡೆಯುವ ದಾರಿಯನ್ನು ತೋರಿಸಿದ್ದೂ ಇದೇ ಗೋವಾ. 1996ರಲ್ಲಿ ಇಲ್ಲಿ ಹುಟ್ಟಿದ ‘ಸಂಗಾತ್’ ಸಂಸ್ಥೆ, ಮನೋವೈದ್ಯರಲ್ಲದ ಸಾಮಾನ್ಯರಿಗೆ ತರಬೇತಿ ಕೊಟ್ಟು ಆಪ್ತಸಮಾಲೋಚನೆ ನಡೆಸಬಹುದೆಂದು ಮಾಡಿ ತೋರಿಸಿತು. ಗೋವಾ ವೈದ್ಯಕೀಯ ಕಾಲೇಜಿನ ಡಾ. ಅಮಿತ್ ಡಯಾಸ್ ಮತ್ತು ಸಂಗಡಿಗರು 60 ದಾಟಿದ 181 ಜನರ ಮೇಲೆ ನಡೆಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಎಲ್ಲರಲ್ಲೂ ಖಿನ್ನತೆಯ ಸಣ್ಣ ಸುಳಿವುಗಳಿದ್ದವು. ಮಾಮೂಲಿ ಆರೈಕೆಯಲ್ಲಿದ್ದ 90 ಜನರಲ್ಲಿ 13 ಮಂದಿ ವರ್ಷದೊಳಗೆ ಖಿನ್ನತೆಗೆ ಬಿದ್ದರು. ಇಂಥ ತರಬೇತಿ ಪಡೆದ ಸಮಾಲೋಚಕರು ಜೊತೆಗಿದ್ದ 91 ಜನರಲ್ಲಿ ನಾಲ್ವರು ಮಾತ್ರ. ಸಮಾಲೋಚಕರು ಮಾಡಿದ್ದು ಇಷ್ಟು: ಎದುರಿಗಿರುವ ತೊಡಕನ್ನು ಬಿಡಿಸಿಕೊಳ್ಳುವ ಬಗೆ, ನಿದ್ದೆಯ ಶಿಸ್ತು, ಸಕ್ಕರೆ ಕಾಯಿಲೆಯಂಥವುಗಳ ಆರೈಕೆ ಹೇಳಿಕೊಟ್ಟರು, ಸರ್ಕಾರಿ ಯೋಜನೆಗಳನ್ನು ತಲುಪಲು ನೆರವಾದರು.

ಕೊನೆಯದನ್ನು ಸಣ್ಣದೆಂದು ತಿಳಿಯಬಾರದು. ಗೋವಾದ ದಯಾನಂದ ಸಾಮಾಜಿಕ ಭದ್ರತಾ ಯೋಜನೆಯ ಪಿಂಚಣಿಗೆ ಹದಿನೈದು ವರ್ಷದ ವಾಸ ತೋರಿಸಬೇಕು. ಬದುಕೆಲ್ಲ ಬಾಡಿಗೆ ಖೋಲಿಯಲ್ಲಿ ಕಳೆದವರ ಬಳಿ ದುಡಿದ ಕೈ ಇರುತ್ತದೆ, ಕಾಗದ ಇರುವುದಿಲ್ಲ. ತಿಂಗಳ ಖರ್ಚಿಗೆ ಮಗನ ಮುಂದೆ ಕೈಚಾಚುವ ಸಂಕಟವನ್ನು ಬರೀ ಮಾತ್ರೆ ಇಳಿಸಲಾರದು.

ಬಾಂಬೋಳಿಯಲ್ಲಿ ಸರ್ಕಾರದ ಮನೋವೈದ್ಯಕೀಯ ಸಂಸ್ಥೆಯೇ ಇದೆ, ಕೊರ್ಲಿಮ್‌ನಿಂದ ದೂರವೂ ಅಲ್ಲ. ಆದರೆ ಒಳಗಿನ ನೋವನ್ನು ಯಾರೂ ಕಲಿತ ಭಾಷೆಯಲ್ಲಿ ಹೇಳಿಕೊಳ್ಳಲಾರರು. ಓಣಿಯಲ್ಲೇ ಬೆಳೆದ, ಹತ್ತನೇ ಇಯತ್ತೆಯೋ ಪಿಯುಸಿಯೋ ಓದಿದ, ಕನ್ನಡ ಬಲ್ಲ ಹೆಣ್ಣುಮಕ್ಕಳಿಗೆ ಸಮಾಲೋಚನೆಯ ತರಬೇತಿ ಕೊಟ್ಟರೆ ಅಜ್ಜಿಯೊಬ್ಬಳು ಬಾಯಿಬಿಟ್ಟಾಳು. ಗೋವಾದ ಕನ್ನಡ ಸಂಘಗಳು ರಾಜ್ಯೋತ್ಸವದ ಖರ್ಚಿನಲ್ಲೊಂದು ಪಾಲನ್ನು ಇದಕ್ಕೆ ತೆಗೆದಿಡಲಿ. ಗಡಿಯಾಚೆಯ ಕನ್ನಡಿಗರ ಹೆಸರು ಹೇಳುವ ಕರ್ನಾಟಕ ಸರ್ಕಾರವೂ ಕೈಜೋಡಿಸಲಿ. ಅಲ್ಲಿಯವರೆಗೆ 14416 ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ. ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮೊಮ್ಮಕ್ಕಳು ಇವತ್ತೇ ಆ ನಂಬರನ್ನು ಅಜ್ಜನ ಮೊಬೈಲಿಗೆ ಹಾಕಿ, ಹೇಗೆ ಹಚ್ಚುವುದೆಂದು ಒಮ್ಮೆ ತೋರಿಸಿಕೊಡಲಿ.